ಫೋನ್ ಬರದಿದ್ದರೆ ನಿನ್ನೆಯದೇ ಅಂಕಿ

ನಮ್ಮ ದೊಡ್ಡಪ್ಪನ ಹತ್ತಿರ ಮಾತಾಡುವಾಗ ಹೂಂಗುಟ್ಟುತ್ತಲೇ ಇರಬೇಕಿತ್ತು. ಒಂದು ಸಲ ಮರೆತರೂ ಮುಗಿಯಿತು, "ಕೇಳಿಸ್ತೇನೇ? ಬಾಯಿ ಬಿಟ್ಟು ಹೇಳು" ಎಂದು ಹಿಂದೆಯೇ ಬರುತ್ತಿದ್ದರು. ತಲೆಯಾಡಿಸಿದರೆ ನಡೆಯುತ್ತಿರಲಿಲ್ಲ. ನಾನು ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದರೂ ಸರಿಯೇ, ಉತ್ತರ ಕೊಡಬೇಕು. ಮನೆಯಲ್ಲಿ ಐದು ನಿಮಿಷ ಯಾರ ದನಿಯೂ ಕೇಳದಿದ್ದರೆ ಎದ್ದು ಹೋಗಿ ರೇಡಿಯೋ ಹಾಕುವರು. ಸ್ಟೇಷನ್ ಸಿಗದೆ ಬರೀ ಗೊರಗೊರ ಅಂದರೂ ಅವರಿಗೆ ಪರವಾಗಿಲ್ಲ. ಸದ್ದಿಲ್ಲದ ಮನೆ ಎಂದರೆ ಇವರಿಗೆ ದೆವ್ವ ಕಂಡ ಹಾಗೆ ಎಂದು ನಾನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. ವಿಷಯ ತಿಳಿದ ಮೇಲೆ ಆ ಗೇಲಿ ನೆನೆದು ನನಗೆ ನನ್ನ ಮೇಲೆಯೇ ಹೇಸಿಗೆಯಾಗಿದೆ.

ನಾನು ಶಾಲೆಯಲ್ಲಿ ಟೀಚರು. ಒಂಬತ್ತನೇ ತರಗತಿಗೆ ಪೌರನೀತಿ ಕಲಿಸುತ್ತೇನೆ. ಅದರಲ್ಲಿ 'ಆಡಳಿತ ಪದ್ಧತಿಗಳು ಮತ್ತು ಜಗತ್ತಿನ ಶಾಂತಿ' ಎಂದು ಒಂದು ಪಾಠವಿದೆ. ರಾಜರ ಆಳ್ವಿಕೆ, ಸೈನ್ಯದ ಆಳ್ವಿಕೆ, ಒಬ್ಬನೇ ನಾಯಕನ ಆಳ್ವಿಕೆ, ಜನರ ಆಳ್ವಿಕೆ ಎಂದು ನಾಲ್ಕು ಖಾನೆಗಳ ಪಟ್ಟಿ. ಯಾವುದರಿಂದ ಯುದ್ಧ ಹೆಚ್ಚು, ಯಾವುದರಿಂದ ಕಡಿಮೆ ಎಂದು ಗುರುತು ಹಾಕಬೇಕು, ಎರಡು ಅಂಕ. ಆ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ಬೇಗ ಬೇಗ ಅಳಿಸಿಬಿಡುತ್ತೇನೆ. ಅದರ ಮೂರು ಖಾನೆಗಳನ್ನು ನಮ್ಮ ದೊಡ್ಡಪ್ಪ ಒಂದೇ ಕುರ್ಚಿಯ ಮೇಲೆ ಕೂತು ನೋಡಿದವರು. ನಾಲ್ಕನೆಯದು ಹೊಳೆಯ ಕೆಳಗಡೆ ಇತ್ತು.

ಅವರ ಕೆಲಸ ಹೊಳೆಯ ನೀರಿನ ಮಟ್ಟ ಓದುವುದು. ಊರಾಚೆ ದಡದ ಮೇಲೆ ಒಂದು ಕೋಣೆ. ಒಳಗೆ ಮೇಜು, ಬೆಂಚು, ದಪ್ಪ ರಿಜಿಸ್ಟರು, ಹಿಡಿ ತಿರುಗಿಸುವ ಫೋನು. ಕೋಣೆಯಿಂದ ನೀರಿಗೆ ಇಳಿಯಲು ನಲವತ್ತೆರಡು ಮೆಟ್ಟಿಲು, ಅದರ ಪಕ್ಕಕ್ಕೆ ಅಡಿ ಅಂಗುಲ ಬರೆದ ಬಿಳಿಯ ಪಟ್ಟಿ. ವಾರಕ್ಕೊಮ್ಮೆ ಪಟ್ಟಿಯ ಪಾಚಿ ಉಜ್ಜಬೇಕು. ಓದುವುದಕ್ಕೂ ಒಂದು ಹದವಿತ್ತು. ನೀರು ಅಲೆಯಾಡುತ್ತಿರುತ್ತದಲ್ಲ, ಅಲೆಯ ನೆತ್ತಿಯನ್ನೂ ಹಿಡಿಯಬಾರದು, ತಗ್ಗನ್ನೂ ಹಿಡಿಯಬಾರದು. ಹತ್ತು ಅಲೆ ಹೋಗುವ ತನಕ ಮೊಣಕಾಲೂರಿ ನೋಡಿ ನಡುವಿನದನ್ನು ಬರೆದುಕೊಳ್ಳಬೇಕು. ದೊಡ್ಡಪ್ಪನ ಎಡ ಮೊಣಕಾಲಿನ ಚರ್ಮ ಒರಟಾಗಿ ಕಪ್ಪಾಗಿದ್ದದ್ದು ಅದರಿಂದಲೇ.

ಬೆಳಿಗ್ಗೆ ಆರಕ್ಕೆ ಆ ಅಂಕಿಯನ್ನು ಫೋನಿನಲ್ಲಿ ಕೆಳಗಿನ ದೇಶಕ್ಕೆ ಹೇಳಬೇಕು. ನಮ್ಮಲ್ಲಿ ಹರಿದ ನೀರು ಅವರ ಊರು ತಲುಪಲು ಹದಿನಾಲ್ಕು ತಾಸು. ಇಪ್ಪತ್ತನಾಲ್ಕು ಅಡಿ ದಾಟಿದರೆ ಅಲ್ಲಿ ಸೈರನ್ ಕೂಗಿಸಿ ತಗ್ಗಿನ ಜನರನ್ನೆಲ್ಲ ದಿಬ್ಬಕ್ಕೆ ಹತ್ತಿಸುತ್ತಿದ್ದರು. ನೇರ ತಂತಿ ಅದು, ಬೇರೆಲ್ಲಿಗೂ ಹೋಗದು. ರಿಂಗು ಮಾಡಲಾಗುತ್ತಿದ್ದದ್ದೂ ನಮ್ಮ ಕಡೆಯಿಂದ ಮಾತ್ರ, ಕೆಳಗಿನವರ ಫೋನಿಗೆ ಹಿಡಿಯೇ ಇರಲಿಲ್ಲ. ಹೆಸರು ಹೇಳುವಂತಿಲ್ಲ ಎಂದು ನಿಯಮ. ಇವರು 'ಮೇಲಿನ ಠಾಣೆ', ಅವರು 'ಕೆಳಗಿನ ಠಾಣೆ'. ಪುಣ್ಯಕ್ಕೆ ಭಾಷೆ ಎರಡೂ ಕಡೆ ಒಂದೇ. ಗಡಿ ಎಳೆದ ಮಹಾನುಭಾವರ ಕಣ್ಣಿಗೆ ಅದು ಬಿದ್ದಿರಲಿಲ್ಲ.

ದೊಡ್ಡಪ್ಪ ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಜನರಲ್ ಆಳುತ್ತಿದ್ದ. ಊರವರನ್ನೆಲ್ಲ ಹೆದರಿಸಿ ಇಟ್ಟಿದ್ದವನಿಗೆ ಗಡಿಯಾಚೆ ಮಾತ್ರ ಗಲಾಟೆ ಬೇಡವಾಗಿತ್ತು. ಮನೆಯೊಳಗೇ ಕೈತುಂಬ ಕೆಲಸವಿತ್ತಲ್ಲ. ಹೊಳೆಯ ಒಪ್ಪಂದಕ್ಕೆ ಸಹಿ ಹಾಕಿದವನೂ ಅವನೇ. ತಂತಿಯ ನಡುವೆ ಯಾರೋ ಕದ್ದು ಕೇಳುತ್ತಿದ್ದರು, ಫೋನೆತ್ತಿದೊಡನೆ ಸಣ್ಣಗೆ ಟಕ್ ಎನ್ನುತ್ತಿತ್ತಂತೆ. ಅಂಕಿ ಹೇಳು, ಅವರು ತಿರುಗಿ ಹೇಳಲಿ, ಇಟ್ಟುಬಿಡು, ಅಷ್ಟೇ. ಹಾಗಿದ್ದರೂ ಒಂದು ದಿನವೂ ಫೋನು ತಪ್ಪಲಿಲ್ಲ.

ಆಮೇಲೆ ಜನರಲ್ ಸತ್ತ, ಚುನಾವಣೆ ಬಂತು. ಆ ಹತ್ತು ವರ್ಷ ಸಭೆಯಲ್ಲಿ ಕುರ್ಚಿಗಳು ಹಾರಾಡಿದವು, ಮಂತ್ರಿಗಳು ಬಂದರು ಹೋದರು. ತಂತಿಯ ಟಕ್ ಸದ್ದು ಮಾತ್ರ ನಿಂತುಹೋಯಿತು. ದೊಡ್ಡಪ್ಪನೂ ಕೆಳಗಿನ ಠಾಣೆಯ ನೌಕರರೂ ಒಂದೆರಡು ಮಾತು ಹೆಚ್ಚಿಗೆ ಆಡತೊಡಗಿದರು. ಕೆಳಗಿನವರಿಗೆ ಒಬ್ಬಳೇ ಮಗಳು, ಹಲ್ಲುನೋವಿನ ಕಾಟ, ಪಕ್ಕದ ಮನೆಯವನ ಜೊತೆ ಗೋಡೆಯ ಜಗಳ. ಇವೆಲ್ಲ ನಮ್ಮ ಮನೆಯ ಊಟದ ಹೊತ್ತಿನ ಸುದ್ದಿ. "ಇವರಿಗೆ ಒಡಹುಟ್ಟಿದ ತಮ್ಮನಿಗಿಂತ ಹೊಳೆಯಾಚೆಯವರ ಹಲ್ಲೇ ಹೆಚ್ಚು" ಎಂದು ನಮ್ಮಪ್ಪ ಕಿಚಾಯಿಸುತ್ತಿದ್ದರು. ಇಬ್ಬರೂ ಒಮ್ಮೆಯೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಆ ದಿನಗಳಲ್ಲೇ ಒಂದು ಸಲ ದೊಡ್ಡಮ್ಮನಿಗೆ ಜ್ವರ ನೆತ್ತಿಗೇರಿತು. ಅವಳನ್ನು ಆಸ್ಪತ್ರೆಗೆ ಸೇರಿಸುವ ಗಡಿಬಿಡಿಯಲ್ಲಿ ದೊಡ್ಡಪ್ಪನಿಗೆ ಫೋನು ಮಾಡಲಾಗಲಿಲ್ಲ. ಮರುದಿನ ಕ್ಷಮೆ ಕೇಳಿದರೆ ಕೆಳಗಿನವರು ನಕ್ಕುಬಿಟ್ಟರಂತೆ.

"ಅಯ್ಯೋ ಬಿಡಿ ಅಣ್ಣ, ಖಾನೆ ಖಾಲಿ ಬಿಡೋ ಹಾಗಿಲ್ಲ ಅಂತ ನಿನ್ನೇದನ್ನೇ ಬರ್ಕೊಂಡೆ. ಇನ್ಮೇಲೂ ಹಾಗೇ ಮಾಡೋಣ. ಫೋನ್ ಬರ್ಲಿಲ್ಲ ಅಂದ್ರೆ ನೀರು ನಿನ್ನೆಯಷ್ಟೇ ಇದೆ ಅಂತ ತಿಳ್ಕೋತೀನಿ. ಏರಿದ್ರೆ ನೀವು ಹೇಗಿದ್ರೂ ಮಾಡೇ ಮಾಡ್ತೀರಿ."

ದೊಡ್ಡಪ್ಪ ಆಗಲಿ ಎಂದರು. ಎಲ್ಲೂ ಬರೆದಿಡಲಿಲ್ಲ, ಯಾವ ಸಾಹೇಬನಿಗೂ ಹೇಳಲಿಲ್ಲ. ಇಬ್ಬರು ಬಡ ನೌಕರರ ನಡುವಿನ ಒಂದು ಅನುಕೂಲ ಅದು. ವರ್ಷಕ್ಕೆ ನಾಲ್ಕೈದು ಸಲ, ಹುಷಾರಿಲ್ಲದಾಗ, ನೆಂಟರ ಮದುವೆಗೆ ಹೋಗಬೇಕಾದಾಗ ದೊಡ್ಡಪ್ಪ ಅದನ್ನು ಬಳಸಿಕೊಂಡರು. ನೀರು ಹೆಚ್ಚಿದ ದಿನ ಮಾತ್ರ ತಲೆ ಮೇಲೆ ತಲೆ ಬಿದ್ದರೂ ಫೋನು ಮಾಡುತ್ತಿದ್ದರು.

ಮೂರನೆಯವನು ನಾಯಕ. ಅವನೂ ಚುನಾವಣೆಯಲ್ಲೇ ಗೆದ್ದು ಬಂದವನು, ಬಂದಮೇಲೆ ಇನ್ನೊಂದು ಚುನಾವಣೆ ನಡೆಸುವುದನ್ನು ಮರೆತವನು. ಜನರಲ್‌ಗೆ ನಮ್ಮ ಭಯ ಸಾಕಾಗಿತ್ತು. ಇವನಿಗೆ ನಮ್ಮ ಚಪ್ಪಾಳೆಯೂ ಬೇಕು. ದಿನವೂ ಚಪ್ಪಾಳೆ ಬೀಳಬೇಕಾದರೆ ದಿನವೂ ಒಬ್ಬ ಶತ್ರು ಬೇಕು. ಸುತ್ತ ನೋಡಿದ, ಹೊಳೆಯ ಕೆಳಗೊಂದು ದೇಶ ಕಾಣಿಸಿತು. ನಮ್ಮ ನೀರು ಕುಡಿದು ನಮ್ಮನ್ನೇ ಬೈಯುವವರು ಎಂದು ಭಾಷಣ ಬಿಗಿದ. ಅಲ್ಲಿದ್ದವನು ರಾಜ, ರಾಜನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಬ್ಬರಿಗೂ ಒಬ್ಬರಿಂದ ಒಬ್ಬರಿಗೆ ಒಳ್ಳೆಯ ವ್ಯಾಪಾರವಾಯಿತು.

ನಾನಾಗ ಒಂಬತ್ತು ವರ್ಷದವಳು. ನಮ್ಮಪ್ಪ ಬಸ್ ಕಂಡಕ್ಟರ್, ಬಾಯಿ ಸ್ವಲ್ಪ ಸಡಿಲ. ಬಸ್ಸು ಕೆಟ್ಟು ನಿಂತಾಗ, "ನಾಯಕರಿಗೆ ಹೇಳಿ, ಇದನ್ನೂ ಶತ್ರುಗಳೇ ಕೆಡಿಸಿದ್ದು ಅಂತಾರೆ" ಎಂದರಂತೆ. ಬಸ್ಸೆಲ್ಲ ನಕ್ಕಿತು. ನಕ್ಕವರಲ್ಲಿ ಒಬ್ಬ ಬರೆದುಕೊಟ್ಟ. ಮಾರನೆಯ ದಿನ ಡಿಪೋದಿಂದಲೇ ಅಪ್ಪನನ್ನು ಕರೆದುಕೊಂಡು ಹೋದರು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಅಮ್ಮ ಹನ್ನೆರಡು ದಿನ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು. ಒಬ್ಬ ಗುಮಾಸ್ತ ಮಾತ್ರ ಅವಳಿಗೆ ಒಂದು ಮಾತು ಹೇಳಿದ, "ಮನೆಯವರ ನಡತೆ ಎಲ್ಲಾ ನೋಡ್ತಿದ್ದಾರಮ್ಮ. ಸ್ವಲ್ಪ ಸುಮ್ಮನಿರಿ, ಬರ್ತಾರೆ."

ಹದಿಮೂರನೆಯ ದಿನ ದೊಡ್ಡಪ್ಪನ ಠಾಣೆಗೆ ಆದೇಶ ಬಂತು. ನೀರಿನ ಮಟ್ಟ ಇನ್ನು ಮುಂದೆ ರಾಜ್ಯದ ಗುಟ್ಟು, ಕೆಳಗೆ ಯಾರಿಗೂ ತಿಳಿಸಬಾರದು. ಬಂದ ಅಧಿಕಾರಿ ತಂತಿ ಕತ್ತರಿಸಲಿಲ್ಲ. ಫೋನಿನ ಹಿಡಿಗೆ ಒಂದು ಕಾಗದದ ಪಟ್ಟಿ ಸುತ್ತಿ ಅರಗಿನ ಮುದ್ರೆ ಒತ್ತಿ ಹೋದ. ಹೆಬ್ಬೆರಳು ತಾಗಿಸಿದರೆ ಹರಿದುಹೋಗುವಷ್ಟು ತೆಳ್ಳಗಿನ ಕಾಗದ. ತಂತಿ ಕತ್ತರಿಸಿದ್ದರೆ ನಮ್ಮ ದೊಡ್ಡಪ್ಪ ಬದುಕಿಕೊಳ್ಳುತ್ತಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ.

ಮೊದಲ ದಿನ ನೀರು ಹದಿನೇಳು ಅಡಿ. ಹಿಂದಿನ ದಿನವೂ ಹದಿನೇಳೇ. ದೊಡ್ಡಪ್ಪ ಸುಮ್ಮನಿದ್ದರು, ಕೆಳಗೆ ಹದಿನೇಳು ಎಂದು ಬರೆದುಕೊಂಡಿರುತ್ತಾರೆ, ಅದು ಸರಿಯೇ. ಎರಡನೆಯ ದಿನವೂ ಹದಿನೇಳು, ಮೂರನೆಯ ದಿನವೂ ಹದಿನೇಳು. ಮೂರು ದಿನ ಅವರ ಮೌನ ನಿಜವನ್ನೇ ಹೇಳಿತು. ಗುಟ್ಟೂ ಉಳಿಯಿತು, ಆದೇಶವೂ ಉಳಿಯಿತು, ಯಾರಿಗೂ ಮೋಸವಾಗಲಿಲ್ಲ ಎಂದು ಅವರು ಒಳಗೊಳಗೇ ಸಮಾಧಾನ ಪಟ್ಟುಕೊಂಡರಂತೆ.

ನಾಲ್ಕನೆಯ ದಿನ ಬೆಳಿಗ್ಗೆ ಮೆಟ್ಟಿಲಿಳಿಯಲು ಹೋದರೆ ಇಳಿಯುವುದಕ್ಕೆ ಮೆಟ್ಟಿಲೇ ಇರಲಿಲ್ಲ. ಬೆಟ್ಟದ ಕಡೆ ಮೋಡ ಒಡೆದು ಸುರಿದಿತ್ತು. ನೀರು ಕೆಂಪಾಗಿ, ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಬರುತ್ತಿತ್ತು. ಬಗ್ಗಿ ನೋಡಿ ಬರೆದುಕೊಂಡರು, ಮೂವತ್ತೊಂದು ಅಡಿ. ಕೋಣೆಗೆ ಬಂದು ಫೋನಿನ ಮುಂದೆ ಕೂತರು. ಆರು ಗಂಟೆಯಾಯಿತು. ಇವತ್ತು ಸುಮ್ಮನಿದ್ದರೆ ಅದು ಬರೀ ಮೌನವಲ್ಲ, ಕೆಳಗಿನವರ ಕಿವಿಗೆ ಅದು 'ಹದಿನೇಳು' ಎಂದೇ ಬೀಳುತ್ತದೆ. ಅದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಹೆಬ್ಬೆರಳನ್ನು ಮುದ್ರೆಯ ಮೇಲಿಟ್ಟರು. ತೆಗೆದರು. ಮತ್ತೆ ಇಟ್ಟರು. ಎಂಟು ಗಂಟೆಗೆ ಎದ್ದು ಬಾಗಿಲು ಹಾಕಿಕೊಂಡು ಮನೆಗೆ ಬಂದರು.

ಆ ರಾತ್ರಿ ಕೆಳಗಿನ ಊರಿನಲ್ಲಿ ಇನ್ನೂರ ಹನ್ನೆರಡು ಜನ ಸತ್ತರು.

ಮಾರನೆಯ ದಿನ ಮಧ್ಯಾಹ್ನ ನಮ್ಮಪ್ಪ ಮನೆಗೆ ಬಂದರು. ಗಡ್ಡ ಬಂದಿತ್ತು, ಸೊರಗಿದ್ದರು, ಆದರೆ ಇಡಿಯಾಗಿ ಬಂದರು. ನಾನು ಅವರ ಕೊರಳಿಗೆ ಜೋತುಬಿದ್ದೆ. ಎಲ್ಲರೂ ಅತ್ತು ನಕ್ಕೆವು. ದೊಡ್ಡಪ್ಪ ಬಾಗಿಲ ಬಳಿಯೇ ನಿಂತಿದ್ದರು, ಒಳಗೆ ಬರಲೇ ಇಲ್ಲ. ಸಂತೋಷಕ್ಕೆ ಹಾಗೆ ನಿಂತಿದ್ದಾರೆ ಎಂದುಕೊಂಡಿದ್ದೆ.

ಕೆಳಗಿನ ರಾಜ ಇದು ನೀರು ಬಿಟ್ಟು ಮಾಡಿದ ದಾಳಿ ಎಂದ. ನಮ್ಮ ನಾಯಕ, ನಿಮ್ಮ ನೌಕರನೇ ಸುಳ್ಳು ಅಂಕಿ ಬರೆದು ಜನರನ್ನು ಕೊಂದ ಎಂದ. ಸೇತುವೆಯ ಎರಡೂ ತುದಿಗೆ ತೋಪುಗಳು ಬಂದವು. ದೂರದ ದೊಡ್ಡ ದೇಶಗಳು ಒಬ್ಬೊಬ್ಬರು ಒಂದೊಂದು ಕಡೆ ಸೇರಿ ಹಡಗು ತುಂಬ ಮದ್ದುಗುಂಡು ಕಳಿಸಿದವು. ಇಪ್ಪತ್ತೆಂಟು ವರ್ಷ ಆ ಸೇತುವೆಯ ಮೇಲೆ ಒಂದು ಸೈಕಲ್ಲೂ ದಾಟಲಿಲ್ಲ. ಕೆಳಗೆ ಜನ ದಂಗೆ ಏಳುವಂತಾದಾಗ ರಾಜನಿಗೂ ಒಬ್ಬ ತಪ್ಪಿತಸ್ಥ ಬೇಕಾದ, ರಾಜರಿಂದ ತಪ್ಪಾಗುವುದುಂಟೆ? ರಿಜಿಸ್ಟರಿನಲ್ಲಿ ನಾಲ್ಕು ದಿನ ಒಂದೇ ಕೈಬರಹದಲ್ಲಿ ಹದಿನೇಳು ಇತ್ತು. ಹಾಗಾಗಿ ಶತ್ರುವಿನಿಂದ ಲಂಚ ತಿಂದು ಬರೆದ ಎಂದು ಆ ಹಲ್ಲುನೋವಿನ ಮನುಷ್ಯನ ತಲೆಯ ಮೇಲೆ ಗೂಬೆ ಕೂರಿಸಿದರು.

ವಿಚಾರಣೆಯ ಸುದ್ದಿ ನಮ್ಮ ಪತ್ರಿಕೆಯಲ್ಲಿ ಎರಡು ಇಂಚು ಬಂತು. 'ಕರೆ ಬಾರದಿದ್ದರೆ ಹಿಂದಿನ ದಿನದ ಅಂಕಿ ಬರೆಯುವ ರೂಢಿ ಇತ್ತೆಂದೂ ಮೇಲಿನ ಠಾಣೆಯವರನ್ನು ಕೇಳಬೇಕೆಂದೂ ಆರೋಪಿ ಪದೇ ಪದೇ ಹೇಳಿದ.' ಯಾರೂ ಕೇಳಲಿಲ್ಲ. ಅವರು ಜೈಲಿನಲ್ಲೇ ಆರನೆಯ ವರ್ಷ ಸತ್ತರು. ಆ ಎರಡು ಇಂಚು ಕಾಗದ ದೊಡ್ಡಪ್ಪನ ಟ್ರಂಕಿನಲ್ಲಿತ್ತು.

ಅಷ್ಟರಲ್ಲಿ ದೊಡ್ಡಪ್ಪನಿಗೆ ಒಂದು ಗೀಳು ಹಿಡಿದಿತ್ತು. ಬೆಳಿಗ್ಗೆ ಆರಕ್ಕೆ ಎಲ್ಲಿದ್ದರೂ ಗೋಡೆಗೆ ಮುಖ ಮಾಡಿ ಕೂರುವರು, ತುಟಿ ಅಲುಗುವುದು. ನಿವೃತ್ತರಾದರು, ದೊಡ್ಡಮ್ಮ ತೀರಿಕೊಂಡಳು, ನಮ್ಮ ಮನೆಗೇ ಬಂದು ಉಳಿದರು. ಫೋನು ಬಂದರೆ ಎತ್ತುತ್ತಿರಲಿಲ್ಲ, ಬರದಿದ್ದರೆ ಅದರ ಹತ್ತಿರವೇ ಸುಳಿಯುವರು. ಒಂದು ಬೆಳಿಗ್ಗೆ ನಾನು ಹಿಂದಿನಿಂದ ಹೋಗಿ ಕಿವಿಗೊಟ್ಟೆ. "ಮೂವತ್ತೊಂದು, ಮೂವತ್ತೊಂದು, ಕೇಳಿಸ್ತಾ?" ಎನ್ನುತ್ತಿದ್ದರು. ತಾಳು ಎಂಬಂತೆ ಬೆರಳೆತ್ತಿ, ತಲೆ ವಾಲಿಸಿ ಉತ್ತರಕ್ಕೆ ಕಾದರು. ಅವರ ಮುಖ ನೋಡಿದರೆ ಆ ಕಡೆ ನಿಜವಾಗಿಯೂ ಯಾರೋ ಇದ್ದಂತಿತ್ತು. ನಾನು ಹಾಗೇ ಹಿಂದೆ ಸರಿದೆ. ವಯಸ್ಸಾಯಿತು, ತಲೆ ಕೆಟ್ಟಿದೆ ಎಂದು ಅಮ್ಮ ಹೇಳಿದಳು, ನಾವೆಲ್ಲ ಹಾಗೆಯೇ ನಂಬಿದೆವು.

ಹೋದ ವರ್ಷ ನಾಯಕ ಓಡಿಹೋದ. ಕೆಳಗೂ ರಾಜನ ಮಗ ಅಧಿಕಾರ ಸಭೆಗೆ ಒಪ್ಪಿಸಿ ಕೈ ತೊಳೆದುಕೊಂಡ. ಎರಡೂ ಕಡೆ ಜನರೇ ಆರಿಸಿದ ಸರ್ಕಾರಗಳು, ಮಾತುಕತೆ ಶುರುವಾಯಿತು. ಆ ಪ್ರವಾಹಕ್ಕೆ ಯಾರು ಹೊಣೆ ಎಂದು ತೀರ್ಮಾನವಾಗದೆ ಸೈನ್ಯ ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ಎರಡು ದೇಶದವರೊಬ್ಬೊಬ್ಬರು, ಹೊರಗಿನವರೊಬ್ಬರು ಸೇರಿ ಒಂದು ಆಯೋಗವಾಯಿತು. ಸತ್ತ ನೌಕರನ ಮಗಳು ಆಯೋಗಕ್ಕೆ ಅರ್ಜಿ ಕೊಟ್ಟಳು. ನನ್ನ ತಂದೆ ಲಂಚ ತಿಂದವರಲ್ಲ, ಮೇಲಿನ ಠಾಣೆಯವರು ಬದುಕಿದ್ದರೆ ಒಂದು ಸಲ ಕರೆಸಿ ಕೇಳಿ ಎಂದು ಬರೆದಿದ್ದಳು.

ಆಯೋಗದ ಪತ್ರ ಬಂದ ನಾಲ್ಕನೆಯ ದಿನ ನಮ್ಮ ವಿದೇಶಾಂಗ ಕಚೇರಿಯ ಒಬ್ಬರು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದರು.

"ಹಿರಿಯರೇ, ಅಂಥ ರೂಢಿ ಇತ್ತು ಅಂತ ನೀವು ಒಪ್ಪಿಕೊಂಡ್ರೆ ಇನ್ನೂರ ಹನ್ನೆರಡು ಸಾವೂ ನಮ್ಮ ದೇಶದ ಮೇಲೆ ಬರುತ್ತೆ. ಮಾತುಕತೆಯಲ್ಲಿ ನಮ್ಮ ಕೈ ಕೆಳಗಾಗುತ್ತೆ. ನೆನಪಿಲ್ಲ ಅಂದುಬಿಡಿ. ನಿಮ್ಮ ವಯಸ್ಸಿಗೆ ಯಾರೂ ತಪ್ಪು ತಿಳಿಯಲ್ಲ. ದಯವಿಟ್ಟು."

ಅವರು ಹೋದ ಮೇಲೆ ದೊಡ್ಡಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಟ್ರಂಕಿನಿಂದ ಆ ಪತ್ರಿಕೆಯ ತುಂಡು ತೆಗೆದು ನನ್ನ ಕೈಯಲ್ಲಿಟ್ಟು ಎಲ್ಲವನ್ನೂ ಹೇಳಿದರು. ಮೇಲೆ ನಾನು ಬರೆದಿರುವುದೆಲ್ಲ ಆವತ್ತು ಕೇಳಿದ್ದು. ಅಪ್ಪನ ಕೊರಳಿಗೆ ಜೋತುಬಿದ್ದ ಆ ಮಧ್ಯಾಹ್ನವನ್ನು ನಾನು ಜೀವಮಾನವೆಲ್ಲ ಭದ್ರವಾಗಿ ಇಟ್ಟುಕೊಂಡಿದ್ದೆ. ಅದಕ್ಕೆ ಯಾರು ಬೆಲೆ ತೆತ್ತರು ಎಂದು ಈಗ ತಿಳಿಯಿತು. ಅಪ್ಪ ಇದು ಗೊತ್ತಿಲ್ಲದೆಯೇ ಕಣ್ಣು ಮುಚ್ಚಿದ್ದು ಒಳ್ಳೆಯದಾಯಿತು.

"ಏನು ಹೇಳಲೇ?" ಎಂದರು ದೊಡ್ಡಪ್ಪ.

ನನಗೆ ರೇಗಿತು. ಯಾರ ಮೇಲೆ ಎಂದೇ ತಿಳಿಯಲಿಲ್ಲ. "ಆವತ್ತು ನಾಯಕ ಆರ್ಡರ್ ಮಾಡಿದ, ನೀವು ಬಾಯಿ ಮುಚ್ಚಿಕೊಂಡ್ರಿ. ಇವತ್ತು ಇವರು ದಯವಿಟ್ಟು ಅಂತಿದ್ದಾರೆ. ದಯವಿಟ್ಟು ಅಂದವರಿಗೆ ಆಗಲ್ಲ ಅನ್ನಬಹುದು ದೊಡ್ಡಪ್ಪ. ಅಷ್ಟಾದರೂ ಬದಲಾಗಿದೆ" ಎಂದೆ. ನಾಲ್ಕು ಖಾನೆಗಳ ಆ ಪಟ್ಟಿಯ ಬಗ್ಗೆ ನನಗೆ ನಿಜವಾಗಿ ಗೊತ್ತಿರುವುದು ಇಷ್ಟೇ.

ಆಯೋಗ ಕೂತದ್ದು ಸೇತುವೆಯ ಪಕ್ಕದ ಹಳೆಯ ಸುಂಕದ ಕಟ್ಟಡದಲ್ಲಿ. ಉದ್ದನೆಯ ಮೇಜು, ನೀರಿನ ಲೋಟಗಳು, ಹಸಿರು ಬಟ್ಟೆ. ದೊಡ್ಡಪ್ಪ ಲೋಟ ಪಕ್ಕಕ್ಕೆ ಸರಿಸಿ ನೇರವಾಗಿ ಕೂತರು.

"ಕರೆ ಬಾರದಿದ್ದರೆ ಹಿಂದಿನ ದಿನದ ಅಂಕಿ ಬರೆಯುವ ರೂಢಿ ಇತ್ತೆ?" ಎಂದು ಹೊರದೇಶದ ಸದಸ್ಯರು ಕೇಳಿದ್ದನ್ನು ದುಭಾಷಿ ಹೇಳಿದ.

"ಇತ್ತು. ನಾವಿಬ್ಬರೇ ಮಾಡ್ಕೊಂಡಿದ್ದು."

"ನಾಲ್ಕನೆಯ ದಿನ ನೀರು ಎಷ್ಟಿತ್ತು?"

"ಮೂವತ್ತೊಂದು ಅಡಿ."

"ನೀವು ಸುಮ್ಮನಿದ್ದರೆ ಅವರು ಏನು ಬರೆಯುತ್ತಾರೆಂದು ನಿಮಗೆ ತಿಳಿದಿತ್ತೆ?"

"ಹದಿನೇಳು ಅಂತ ಬರೀತಾರೆ. ತಿಳಿದಿತ್ತು."

ನಮ್ಮ ಕಡೆಯ ವಕೀಲ ಎದ್ದು ನಿಂತ. ಮುಳುಗುವವನಿಗೆ ಹಗ್ಗ ಎಸೆಯುವ ಹಾಗೆ ಕೇಳಿದ, "ಆಗ ನಿಮ್ಮ ತಮ್ಮ ಬಂಧನದಲ್ಲಿದ್ದರು. ಫೋನ್ ಮಾಡಿದರೆ ಅವರನ್ನು ಬಿಡೋದಿಲ್ಲ ಅಂತ ನಿಮಗೆ ಯಾರಾದರೂ ಬೆದರಿಸಿದ್ದರಲ್ಲವೆ?"

"ಇಲ್ಲ ಸಾರ್. ಯಾರೂ ಏನೂ ಹೇಳ್ಲಿಲ್ಲ. ನಾನೇ ಮನಸ್ಸಿನಲ್ಲಿ ತೂಗಿ ನೋಡ್ದೆ. ಒಂದು ಕಡೆ ನನ್ನ ತಮ್ಮ, ಇನ್ನೊಂದು ಕಡೆ ಒಂದು ಊರು. ಕೆಳಗಿನವರು ಒಳ್ಳೆಯವರು, ಅವರಲ್ಲಿ ಲಂಚ ಗಿಂಚ ಇಲ್ಲ. ಇದನ್ನ ಬರ್ಕೊಳ್ಳಿ."

ಬರೆದುಕೊಂಡರು. ಆ ಒಂದು ಸಾಲಿನಿಂದ ಸತ್ತ ಮನುಷ್ಯನ ಹೆಸರು ಕಳಂಕದಿಂದ ಹೊರಬಂತು. ಹಣ್ಣು ತಂದಿದ್ದವರು ತಲೆ ತಗ್ಗಿಸಿ ಕಡತ ಮುಚ್ಚಿದರು.

ಹೊರಗಿನ ಪಡಸಾಲೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ನಮ್ಮೆದುರು ಬಂದು ನಿಂತಳು. ಕೆಳಗಿನ ಠಾಣೆಯವರ ಮಗಳು ಎಂದು ಹೇಳುವ ಮೊದಲೇ ಗೊತ್ತಾಯಿತು. ದೊಡ್ಡಪ್ಪ ಕೈ ಮುಗಿಯಲು ಹೋದರು, ಅವಳು ತಡೆದಳು.

"ಕ್ಷಮೆ ಕೇಳ್ಬೇಡಿ. ಅದು ನನ್ನ ಹತ್ರ ಇಲ್ಲ. ಒಂದು ವಿಷಯ ಮಾತ್ರ ಹೇಳಿ. ಆ ಬೆಳಿಗ್ಗೆ ನೀವು ಎಲ್ಲಿದ್ರಿ?"

"ಫೋನಿನ ಮುಂದೆ ಕೂತಿದ್ದೆನಮ್ಮ. ಎಂಟರ ತನಕ."

"ಅಪ್ಪನೂ ಎಂಟರ ತನಕ ಕೂತಿದ್ರು. ನಾನು ಪಕ್ಕದಲ್ಲೇ ಇದ್ದೆ. ನಾಲ್ಕು ದಿನ ನೀವು ಮಾಡಿರ್ಲಿಲ್ಲವಲ್ಲ, ಅವರಿಗೆ ಕಸಿವಿಸಿ. ಕೊನೆಗೆ ಪೆನ್ನು ತಗೊಂಡು ಹದಿನೇಳು ಅಂತ ಬರೆದ್ರು. ಬರೆದು, 'ಪಾಪ, ಮೇಲಿನೋರಿಗೆ ಏನೋ ತೊಂದರೆ ಆಗಿದೆ ಕಣೇ. ಒಳ್ಳೇ ಮನುಷ್ಯ, ದೇವರು ಕಾಪಾಡಲಿ' ಅಂದ್ರು. ಅವರು ನಿಮಗೋಸ್ಕರ ಹೆದರಿದ್ರು. ನೀರಿನ ಯೋಚನೆ ಅವರಿಗೆ ಬರಲೇ ಇಲ್ಲ."

ಅಷ್ಟು ಹೇಳಿ ಅವಳು ತನ್ನ ಕಡೆಯ ಬಾಗಿಲಿಂದ ಹೊರಟುಹೋದಳು. ದೊಡ್ಡಪ್ಪ ಅಲ್ಲೇ ನೆಲದ ಮೇಲೆ, ಗೋಡೆಗೆ ಮುಖ ಮಾಡಿ ಕೂತುಬಿಟ್ಟರು.